ಒಂದೇ ಲ್ಯಾಂಡಿಂಗ್‌ನಲ್ಲಿ ಮೂರು ಸಲ ಇಳಿದ ಕಥೆ

(ಸಣ್ಣ ವಿಮಾನ ಹಾರಿಸುವವರು ಮತ್ತು ಸುಮ್ನೆ ಕುತೂಹಲಕ್ಕೆ ಬಂದವರು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು ಇದು. ಅಲ್ಲಿ ಕೈ ಆಡಿಸಿ ತೋರಿಸಿದ್ದನ್ನೆಲ್ಲ ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ. ಹಾಗಾಗಿ ಅಲ್ಲಲ್ಲಿ ಸ್ವಲ್ಪ ಉದ್ದವಾಗಿದೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನ ಹಾರಾಟದ ಗಂಟೆಗಳನ್ನೆಲ್ಲ ಲೆಕ್ಕ ಹಾಕಿ ಹೇಳಿದರು. ಆದರೆ ನಾನು ಇವತ್ತು ಮಾತಾಡೋಕೆ ಬಂದಿರುವುದು ಅದರಲ್ಲಿ ಸುಮಾರು ಹತ್ತು ಸೆಕೆಂಡಿನ ಬಗ್ಗೆ. ಆ ಹತ್ತು ಸೆಕೆಂಡಿನಲ್ಲಿ ನಾನು ಒಂದೇ ರನ್‌ವೇ ಮೇಲೆ ಮೂರು ಸಲ ಇಳಿದೆ. ಮೊದಲ ಸಲ ಹಿಂದಿನ ಎರಡು ಚಕ್ರಗಳ ಮೇಲೆ. ಎರಡನೇ ಸಲ ಮುಂದಿನ ಚಕ್ರದ ಮೇಲೆ. ಮೂರನೇ ಸಲ, ಮುಂದಿನ ಚಕ್ರ ಇರಬೇಕಾಗಿದ್ದ ಜಾಗದ ಮೇಲೆ. ಲಾಗ್‌ಬುಕ್‌ನಲ್ಲಿ ಮಾತ್ರ ಒಂದೇ ಲ್ಯಾಂಡಿಂಗ್ ಅಂತ ಬರೆದಿದ್ದೇನೆ.

ಯಾರಿಗೂ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಕೊನೆವರೆಗೂ ನೀವು ಅದನ್ನೇ ಯೋಚಿಸ್ತಾ ಕೂತಿರ್ತೀರಿ. ನಾನು ಮತ್ತು ಪಕ್ಕದಲ್ಲಿದ್ದ ಗೆಳೆಯ, ಇಬ್ಬರೂ ಬಾಗಿಲು ತೆಗೆದು ಕಾಲ ಮೇಲೆ ನಡೆದುಕೊಂಡೇ ಬಂದೆವು. ಅವನಿಗೆ ಸಣ್ಣ ವಿಮಾನದಲ್ಲಿ ಅದೇ ಮೊದಲ ಹಾರಾಟ. ವಿಮಾನ ಮೂಗು ನೆಲಕ್ಕೆ ಊರಿ, ಬಾಲ ಮೇಲೆತ್ತಿ ನಿಂತಿದೆ, ಎಂಜಿನ್ ಸತ್ತಿದೆ, ಎಲ್ಲಾ ಕಡೆ ನಿಶ್ಶಬ್ದ. ಅವನು ನನ್ನ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದ: "ಇಳಿದ್ವಾ?"

ಹೂಂ, ಇಳಿದಿದ್ವಿ.

ವಿಮಾನ ಸೆಸ್ನಾ 172. ನಾಲ್ಕು ಸೀಟು, ಒಂದು ಎಂಜಿನ್, ರೆಕ್ಕೆ ತಲೆಯ ಮೇಲೆ. ನಿಮ್ಮಲ್ಲಿ ಹಾರಾಟ ಕಲಿತವರಲ್ಲಿ ಮುಕ್ಕಾಲು ಜನ ಇದರಲ್ಲೇ ಕಲಿತಿರ್ತೀರಿ. 1956ರಿಂದ ಮಾರಾಟದಲ್ಲಿದೆ. ಜಗತ್ತಿನಲ್ಲಿ ಇದರಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಇನ್ನೊಂದಿಲ್ಲ. ಸಾಧು ಪ್ರಾಣಿ. ಇದನ್ನು ಕೆಡಿಸೋಕೆ ಸ್ವಲ್ಪ ಕಷ್ಟಪಡಬೇಕು. ನಾನು ಪಟ್ಟೆ.

ಆ ದಿನ ಗಾಳಿಯ ವರದಿ ಹೀಗಿತ್ತು: 240 ಡಿಗ್ರಿಯಿಂದ 15 ನಾಟ್, ಗಸ್ಟ್ 27. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಹಾಗಾಗಿ ಗಾಳಿಯ ವೇಗ ಸರಾಸರಿ 28 ಕಿಲೋಮೀಟರ್, ನಡುನಡುವೆ 50. ಗಸ್ಟ್ ಅನ್ನೋದನ್ನ ನಾನು ಇವತ್ತು ಬೀಸು ಅಂತಲೇ ಕರೀತೀನಿ. ಈ ವರದಿಯಲ್ಲಿ ಮೊದಲ ಅಂಕಿ ಹತ್ತು ನಿಮಿಷದ ಸರಾಸರಿ. ಆ ಹತ್ತು ನಿಮಿಷದಲ್ಲಿ ಗಾಳಿ ಸರಾಸರಿಗಿಂತ 10 ನಾಟ್ ಅಥವಾ ಅದಕ್ಕಿಂತ ಜಾಸ್ತಿ ಏರಿದ್ದರೆ ಮಾತ್ರ ಎರಡನೇ ಅಂಕಿ ಬರುತ್ತದೆ. ಅದು ಅಂತರರಾಷ್ಟ್ರೀಯ ನಿಯಮ.

ಈಗ ಒಂದು ಪ್ರಶ್ನೆ. ಸರಾಸರಿ 15, ಮೇಲಿನ ತುದಿ 27. ಹಾಗಾದರೆ ಕೆಳಗಿನ ತುದಿ ಎಷ್ಟು?

(ಸಭೆಯಲ್ಲಿ ಯಾರೋ "15" ಅಂದರು. ನಾನೂ ಎಷ್ಟೋ ವರ್ಷ ಹಾಗೇ ಅಂದುಕೊಂಡಿದ್ದೆ.)

ಅಲ್ಲ. 15 ಸರಾಸರಿ. ಒಮ್ಮೊಮ್ಮೆ 27 ಮುಟ್ಟಿಯೂ ಸರಾಸರಿ 15ಕ್ಕೆ ನಿಲ್ಲಬೇಕಾದರೆ ಯಾವಾಗಲೋ ಅದಕ್ಕಿಂತ ಕಮ್ಮಿ ಬೀಸಿರಲೇಬೇಕು. 8 ಇರಬಹುದು, 5 ಇರಬಹುದು. ವರದಿಯಲ್ಲಿ ಆ ಅಂಕಿ ಇರೋದೇ ಇಲ್ಲ. ಬೀಸಿನ ಲೆಕ್ಕ ಕೊಡ್ತಾರೆ, ಬಿಡುವಿನ ಲೆಕ್ಕ ಕೊಡಲ್ಲ. ನಾವೂ ಕೇಳಲ್ಲ. ಗಾಳಿ ಜೋರಿದೆ ಅಂತ ಹೆದರುತ್ತೇವೆ, ಗಾಳಿ ನಿಂತರೆ ಏನಾಗುತ್ತೆ ಅಂತ ಯೋಚನೆ ಮಾಡಲ್ಲ. ನನ್ನ ಅನುಭವದಲ್ಲಿ ವಿಮಾನವನ್ನು ಕೆಳಗೆ ಕುಕ್ಕುವುದು ಬೀಸು ಅಲ್ಲ, ಬಿಡುವು.

ಗಾಳಿಯಲ್ಲಿ ಕೊಡೆ ಹಿಡಿದು ನಡೆದವರಿಗೆಲ್ಲ ಇದು ಗೊತ್ತಿರುವ ವಿಷಯವೇ. ಒಂದೇ ಸಮನೆ ಬೀಸುವ ಗಾಳಿಗೆ ಎದುರಾಗಿ ಕೊಡೆ ಬಾಗಿಸಿ, ಮೈ ಮುಂದಕ್ಕೆ ಒತ್ತಿ ನಡೆಯಬಹುದು. ಎಷ್ಟೇ ಜೋರಿದ್ದರೂ ಮೈ ಹೊಂದಿಕೊಳ್ಳುತ್ತದೆ. ಅದೇ ಗಾಳಿ ಥಟ್ಟನೆ ನಿಂತಾಗ ನಾವೇ ಮುಗ್ಗರಿಸುತ್ತೇವೆ.

ವಿಮಾನಕ್ಕೂ ಹಾಗೇ. ರೆಕ್ಕೆಗೆ ನೆಲ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತನ್ನ ಮೇಲೆ ಹರಿಯುವ ಗಾಳಿಯ ವೇಗ ಮಾತ್ರ. ಎದುರುಗಾಳಿ ಒಂದೇ ಸಮನೆ ಇದ್ದರೆ ಅದು ಉಪಕಾರವೇ, ನೆಲದ ಮೇಲಿನ ವೇಗ ಕಮ್ಮಿಯಾಗಿ ಇಳಿಯೋದು ಸಲೀಸಾಗುತ್ತದೆ. ತೊಂದರೆ ಇರೋದು ಬದಲಾವಣೆಯಲ್ಲಿ. ಸಾವಿರ ಕಿಲೋ ದಾಟಿದ ಲೋಹದ ಮುದ್ದೆ ನೆಲದ ಮೇಲಿನ ತನ್ನ ವೇಗವನ್ನು ಒಂದು ಸೆಕೆಂಡಿನಲ್ಲಿ ಬದಲಾಯಿಸಿಕೊಳ್ಳಲಾರದು. ಎದುರುಗಾಳಿ ಥಟ್ಟನೆ 10 ನಾಟ್ ಇಳಿದರೆ ರೆಕ್ಕೆಯ ಪಾಲಿಗೆ ವೇಗ ಅಷ್ಟೇ ಥಟ್ಟನೆ 10 ನಾಟ್ ಇಳಿಯಿತು ಅಂತ ಅರ್ಥ.

ಮತ್ತೆ ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಶಾಲೆಯಲ್ಲಿ ಓದಿ ಮರೆತ ಆ ವರ್ಗ ಇಲ್ಲಿ ಬಂದು ಕಚ್ಚುತ್ತದೆ. 65 ನಾಟ್‌ನಲ್ಲಿ ಬರ್ತಾ ಇದ್ದೀರಿ, 10 ನಾಟ್ ಹೋಯಿತು, 55 ಆಯಿತು. ವೇಗ ಹೋಗಿದ್ದು ನೂರಕ್ಕೆ 15. ಎತ್ತುವ ಬಲ ಹೋಗಿದ್ದು ನೂರಕ್ಕೆ 28. ಐನೂರು ಅಡಿ ಎತ್ತರದಲ್ಲಿ ಇದು ಹೊಟ್ಟೆ ಜುಮ್ಮೆನ್ನುವ ಒಂದು ಕುಸಿತ, ಅಷ್ಟೇ. ಮೂಗು ಸ್ವಲ್ಪ ಸರಿ ಮಾಡಿ, ಸ್ವಲ್ಪ ಪವರ್ ಹಾಕಿ, ಮುಂದಕ್ಕೆ ಹೋಗ್ತೀರಿ. ಆದರೆ ಹತ್ತು ಅಡಿ ಎತ್ತರದಲ್ಲಿ, ನೆಲಕ್ಕೆ ಸಮನಾಗಿ ತೇಲಿಸ್ತಾ ವೇಗ ಕರಗಿಸುವಾಗ ನಿಮ್ಮ ಹತ್ತಿರ 55 ಇರುತ್ತದೆ. ಅಲ್ಲಿಂದ 10 ಹೋದರೆ 45. ಫ್ಲಾಪ್, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಕೆಳಗೆ ಇಳಿಸುವ ಪಟ್ಟಿ, ಪೂರ್ತಿ ಇಳಿಸಿದ ಈ ವಿಮಾನ ಸ್ಟಾಲ್ ಆಗುವುದು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಕೈಬಿಡುವುದು, ಸುಮಾರು 40ಕ್ಕೆ. ಲೆಕ್ಕ ನೀವೇ ಹಾಕಿ.

ಅದಕ್ಕೇ ಪೈಲಟ್‌ಗಳಿಗೆ ಒಂದು ಸೂತ್ರ ಹೇಳಿಕೊಡ್ತಾರೆ. ಬೀಸಿನಿಂದ ಸರಾಸರಿ ಕಳೆ, ಬಂದದ್ದರ ಅರ್ಧವನ್ನು ನಿನ್ನ ವೇಗಕ್ಕೆ ಸೇರಿಸು. 27ರಲ್ಲಿ 15 ಕಳೆದರೆ 12, ಅದರ ಅರ್ಧ 6. 65 ಇದ್ದದ್ದು 71 ಆಗಬೇಕು. ಸರಳ ಲೆಕ್ಕ. ನಾನೂ ಹಾಕಿದ್ದೆ. ಹಾಕಿ, ಗಾಳಿಚೀಲ ಒದ್ದಾಡುತ್ತಿದ್ದದ್ದನ್ನು ನೋಡಿ, ಇರಲಿ ಅಂತ ಇನ್ನೊಂದಿಷ್ಟು ಸೇರಿಸಿಕೊಂಡೆ. ಬಂದದ್ದು 80ರಲ್ಲಿ.

ಇದು ನನ್ನ ಮೊದಲ ತಪ್ಪು. ಆವತ್ತು ಮಾತ್ರ ಅದು ತಪ್ಪು ಅಂತ ಅನ್ನಿಸಲೇ ಇಲ್ಲ, ಜಾಣತನ ಅನ್ನಿಸಿತ್ತು. ಜಾಸ್ತಿ ವೇಗ ಅಂದರೆ ಜಾಸ್ತಿ ಭದ್ರ, ಅಲ್ವಾ? ಮೇಲೆ ಇರುವವರೆಗೂ ಹೌದು. ನೆಲದ ಹತ್ತಿರ ಬಂದ ಮೇಲೆ ಆ ಹೆಚ್ಚುವರಿ ವೇಗವನ್ನು ಎಲ್ಲಾದರೂ ಖರ್ಚು ಮಾಡಲೇಬೇಕು. ವಿಮಾನ ಇಳಿಯಲ್ಲ, ತೇಲುತ್ತದೆ. ರನ್‌ವೇ ಕೆಳಗೆ ಓಡ್ತಾ ಇರುತ್ತದೆ, ನೀವು ನಾಲ್ಕು ಅಡಿ ಮೇಲೆ ಕೂತು ಕಾಯ್ತಾ ಇರ್ತೀರಿ. ಮತ್ತೆ ಆ ಕಾಯುವ ಪ್ರತಿ ಸೆಕೆಂಡೂ ಮುಂದಿನ ಬೀಸಿಗೆ ಒಂದು ಆಹ್ವಾನ. ಮೇಲೆ ಎಲ್ಲಿ ಬೇಕಾದರೂ ಬೀಸು ಬರಲಿ ಪರವಾಗಿಲ್ಲ, ಆ ನಾಲ್ಕು ಅಡಿಯಲ್ಲಿ ಬರಬಾರದು. ನಾನು ಆ ನಾಲ್ಕು ಅಡಿಯಲ್ಲಿ ಬಿಡಾರ ಹೂಡಿಬಿಟ್ಟಿದ್ದೆ.

ಪಕ್ಕದ ಗಾಳಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗೋಕೆ ಆಗಲ್ಲ. ನಾನು ಇಳಿಯೋಕೆ ಬಂದದ್ದು ರನ್‌ವೇ 21ರ ಮೇಲೆ. 21 ಅಂದರೆ ಅದರ ಮುಖ ಸುಮಾರು 210 ಡಿಗ್ರಿಗೆ. ಗಾಳಿ 240ರಿಂದ. 30 ಡಿಗ್ರಿ ಬಲಗಡೆಯಿಂದ ಬರ್ತಾ ಇದೆ. 30 ಡಿಗ್ರಿ ಇದ್ದರೆ ಗಾಳಿಯ ಅರ್ಧ ಅಡ್ಡಕ್ಕೆ ಹೊಡೆಯುತ್ತದೆ. ಅಡ್ಡಗಾಳಿ ಏಳೂವರೆಯಿಂದ ಹದಿಮೂರೂವರೆ ನಾಟ್. (ಒಂದು ಕೊಕ್ಕೆ ಇದೆ: ಬರೆದ ವರದಿಯಲ್ಲಿ ದಿಕ್ಕು ನಿಜವಾದ ಉತ್ತರದಿಂದ ಲೆಕ್ಕ, ರನ್‌ವೇ ಸಂಖ್ಯೆ ದಿಕ್ಸೂಚಿಯ ಉತ್ತರದಿಂದ. ಕೆಲವು ಕಡೆ ಈ ವ್ಯತ್ಯಾಸ ದೊಡ್ಡದು. ಟವರ್‌ನವರು ಬಾಯಲ್ಲಿ ಹೇಳುವಾಗ ದಿಕ್ಸೂಚಿಯ ಲೆಕ್ಕದಲ್ಲೇ ಹೇಳ್ತಾರೆ. ಆವತ್ತು ನಮ್ಮಲ್ಲಿ ವ್ಯತ್ಯಾಸ ಲೆಕ್ಕಕ್ಕಿಲ್ಲದಷ್ಟು ಚಿಕ್ಕದಿತ್ತು.)

ಹೀಗೆ ಬಲದಿಂದ ಗಾಳಿ ಬರುವಾಗ ವಿಮಾನ ಮೂಗು ಬಲಕ್ಕೆ ತಿರುಗಿಸಿಕೊಂಡು ಏಡಿಯ ಹಾಗೆ ಓರೆಯಾಗಿ ಬರುತ್ತದೆ. ಹಾಗೇ ಇಳಿದರೆ ಚಕ್ರಗಳು ರನ್‌ವೇಗೆ ಅಡ್ಡಡ್ಡ ಉಜ್ಜುತ್ತವೆ. ಹಾಗಾಗಿ ನೆಲ ಮುಟ್ಟುವ ಮೊದಲು ಎಡಗಾಲಿನ ಪೆಡಲ್ ಒತ್ತಿ ಮೂಗನ್ನು ರನ್‌ವೇ ನೇರಕ್ಕೆ ತರಬೇಕು, ಅದೇ ಹೊತ್ತಿಗೆ ಬಲ ರೆಕ್ಕೆಯನ್ನು ಸ್ವಲ್ಪ ತಗ್ಗಿಸಿ ಗಾಳಿಯ ಕಡೆ ಒರಗಿಸಬೇಕು, ಬಲಗಡೆ ಚಕ್ರ ಮೊದಲು ಮುಟ್ಟಬೇಕು, ಆಮೇಲೆ ಎಡಗಡೆಯದು, ಕೊನೆಗೆ ಮುಂದಿನದು. ಕೇಳೋಕೆ ಗೊಂದಲ ಅನ್ನಿಸುತ್ತದೆ. ಒಂದೇ ಸಮನೆ ಬೀಸುವ ಅಡ್ಡಗಾಳಿಯಲ್ಲಿ ಇದನ್ನು ಮಾಡೋದು ನಿಜಕ್ಕೂ ಖುಷಿ ಕೊಡುತ್ತದೆ. ಬೀಸು ಬಿಡುವಿನ ಗಾಳಿಯಲ್ಲಿ ಮಾತ್ರ, ನೀವು ಒತ್ತಿದ ಪೆಡಲ್ ಒಂದು ಕ್ಷಣ ಕಮ್ಮಿ ಬೀಳುತ್ತೆ, ಮರುಕ್ಷಣ ಜಾಸ್ತಿ ಆಗುತ್ತೆ. ಕೈಕಾಲು ಯಾವತ್ತೂ ಗಾಳಿಗಿಂತ ಅರ್ಧ ಸೆಕೆಂಡು ಹಿಂದೆ.

ಇನ್ನೊಂದು. ರನ್‌ವೇ ಪಕ್ಕ ಏನಿದೆ ನೋಡಿ. ಅಲ್ಲಿ ಬಲಗಡೆ ಒಂದು ಸಾಲು ಹ್ಯಾಂಗರ್‌ಗಳಿದ್ದವು (ವಿಮಾನ ನಿಲ್ಲಿಸುವ ದೊಡ್ಡ ಶೆಡ್‌ಗಳು), ಅದಾದ ಮೇಲೆ ಒಂದು ಖಾಲಿ ಜಾಗ, ಆಮೇಲೆ ಮರಗಳು. ಗಾಳಿ ಹ್ಯಾಂಗರ್ ಮೇಲಿಂದ ಹಾದು ಈಚೆ ಬೀಳುವಾಗ ಸುಳಿಯುತ್ತದೆ, ಹ್ಯಾಂಗರ್‌ನ ಮರೆಯಲ್ಲಿ ಸತ್ತ ಹಾಗೆ ನಿಂತಿರುತ್ತದೆ, ಖಾಲಿ ಜಾಗದಲ್ಲಿ ಕಾಲುವೆಯಿಂದ ನೀರು ನುಗ್ಗಿದ ಹಾಗೆ ನುಗ್ಗುತ್ತದೆ. ಇದರ ಮೇಲೆ, ನೆಲದ ಉಜ್ಜಿನಿಂದಾಗಿ ಕೆಳಗೆ ಬಂದಷ್ಟೂ ಗಾಳಿ ತಾನಾಗಿಯೇ ತಗ್ಗುತ್ತದೆ. ಬಿಡುವು ಬರದೇ ಇದ್ದರೂ ಕೊನೆಯ ಐವತ್ತು ಅಡಿಯಲ್ಲಿ ಎದುರುಗಾಳಿ ಸ್ವಲ್ಪ ಕಳೆದುಹೋಗುವುದು ಖಾಯಂ. ಗಾಳಿ ಅಳೆಯುವ ಯಂತ್ರ ಇರೋದು ಬಯಲಲ್ಲಿ, ಕಂಬದ ಮೇಲೆ. ಅದು ತಾನಿರುವ ಜಾಗದ ಗಾಳಿ ಹೇಳುತ್ತದೆ, ನಾನಿರುವ ಜಾಗದ್ದಲ್ಲ.

ಸರಿ, ಆ ಹತ್ತು ಸೆಕೆಂಡು.

ರನ್‌ವೇ ಅಂಚು ದಾಟಿದೆ. 80 ಇದ್ದದ್ದು 75 ಆಗಿತ್ತು. ಪವರ್ ಪೂರ್ತಿ ಎಳೆದೆ. ಮೂಗು ಮೆಲ್ಲಗೆ ಎತ್ತಿದೆ. ವಿಮಾನ ತೇಲಿತು. ಹ್ಯಾಂಗರ್‌ಗಳ ಮರೆಯಲ್ಲಿ ಗಾಳಿ ಎಷ್ಟು ತಣ್ಣಗಿತ್ತು ಅಂದರೆ, ಇವತ್ತು ಚೆನ್ನಾಗಿ ಇಳಿಸ್ತೀನಿ ಅಂತ ಅನ್ನಿಸಿದ್ದು ನೆನಪಿದೆ. ಅಲ್ಲಿಂದ ಖಾಲಿ ಜಾಗಕ್ಕೆ ಬಂದೆ. ರಪ್ಪನೆ ಬೀಸು. ಬಲ ರೆಕ್ಕೆ ಎದ್ದಿತು, ನಾನು ಕೈ ಬಲಕ್ಕೆ ತಿರುವಿದೆ, ಅಷ್ಟರಲ್ಲಿ ಇಡೀ ವಿಮಾನವೇ ಎದ್ದಿತು. ನಾಲ್ಕು ಅಡಿ ಇದ್ದದ್ದು ಹದಿನೈದು ಅಡಿ ಇರಬಹುದು. ಮೂಗು ಆಕಾಶ ನೋಡ್ತಾ ಇದೆ. ಸ್ಟಾಲ್ ಎಚ್ಚರಿಕೆಯ ಪೀಪಿ ಸಣ್ಣಗೆ ಊದೋಕೆ ಶುರು ಮಾಡಿತು. ನಾನು ಅಲ್ಲೇ ಹಿಡಿದುಕೊಂಡು ಕೂತೆ. ಕಾಯ್ತಾ ಇದ್ದೆ. ಯಾಕೆ ಕಾಯ್ತಾ ಇದ್ದೆ ಅಂತ ಇವತ್ತಿಗೂ ಉತ್ತರ ಇಲ್ಲ, ಬೀಸು ಮೆಲ್ಲಗೆ ಇಳಿಸಿಬಿಡುತ್ತೆ ಅಂತ ಇರಬೇಕು. ಬೀಸು ಹಾಗೆಲ್ಲ ಮಾಡಲ್ಲ. ಅದು ಎತ್ತಿ, ಕೈಬಿಟ್ಟು ಹೋಗುತ್ತದೆ.

ಬಿಡುವು ಬಂತು. ಪೀಪಿ ಜೋರಾಯಿತು. ಕೆಳಗಿದ್ದ ನೆಲ ಮೇಲೆ ಬಂತು.

ಮೊದಲ ಪೆಟ್ಟು ಹಿಂದಿನ ಚಕ್ರಗಳಿಗೆ. 172ರ ಹಿಂದಿನ ಕಾಲುಗಳು ಬಿಲ್ಲಿನ ಹಾಗೆ ಬಾಗುವ ಉಕ್ಕು. ಅವು ಬಾಗಿದವು, ಪೆಟ್ಟನ್ನು ನುಂಗಿದವು, ನುಂಗಿದ್ದನ್ನು ಹಾಗೇ ವಾಪಸ್ ಕೊಟ್ಟವು. ವಿಮಾನ ಚೆಂಡಿನ ಹಾಗೆ ಮತ್ತೆ ಮೇಲೆ. ಈಗ ವೇಗವೂ ಇಲ್ಲ. ಇಲ್ಲಿ ನನ್ನ ಕೈ ಮಾಡಿದ್ದು ಎರಡನೇ ತಪ್ಪು, ದೊಡ್ಡ ತಪ್ಪು: ಮೇಲೆ ಹೋಗ್ತಾ ಇದೆಯಲ್ಲ ಅಂತ ಮೂಗನ್ನು ಕೆಳಗೆ ಒತ್ತಿತು. ಗಾಬರಿಯಾದ ಕೈ ಎಲ್ಲರದ್ದೂ ಹೀಗೇ ಮಾಡುತ್ತದೆ. ಒತ್ತಿದ್ದು ಕೆಲಸ ಮಾಡುವ ಹೊತ್ತಿಗೆ ವಿಮಾನ ತಾನಾಗಿಯೇ ಇಳೀತಾ ಇರುತ್ತದೆ, ಎರಡೂ ಸೇರಿ ಮೂಗು ನೇರ ನೆಲಕ್ಕೆ. ಮುಂದಿನ ಚಕ್ರ ಮೊದಲು ಹೊಡೆಯಿತು. ಆ ಕಾಲು ಕಡ್ಡಿಯ ಹಾಗೆ ಸಣ್ಣದು, ಅದು ಇರೋದು ವಿಮಾನವನ್ನು ನೆಲದ ಮೇಲೆ ತಿರುಗಿಸೋಕೆ, ಹೊತ್ತು ಇಳಿಸೋಕೆ ಅಲ್ಲ. ಅದೂ ಒಮ್ಮೆ ಚಿಮ್ಮಿತು. ಆಗ ಥ್ರಾಟಲ್, ಅಂದರೆ ಎಂಜಿನ್‌ಗೆ ಪವರ್ ಕೊಡುವ ಗುಂಡಿ, ಮುಂದಕ್ಕೆ ತಳ್ಳಿದೆ ಅಂತ ನನ್ನ ನೆನಪು. ಈ ನೆನಪಿನ ಕಥೆಗೆ ಆಮೇಲೆ ಬರ್ತೀನಿ.

ಮೂರನೇ ಸಲ ಮುಂದಿನ ಕಾಲು ಮಡಚಿಕೊಂಡಿತು. ಪ್ರೊಪೆಲರ್ ಕಾಂಕ್ರೀಟಿಗೆ ಬಡಿಯುವ ಸದ್ದು ನಾನು ಅಂದುಕೊಂಡಿದ್ದ ಹಾಗೆ ಕರ್ಕಶವಾಗಿ ಇರಲಿಲ್ಲ. ಯಾರೋ ದೊಡ್ಡ ತಗಡಿನ ಬಾಗಿಲನ್ನು ಸುತ್ತಿಗೆಯಿಂದ ಟಣ್ ಟಣ್ ಅಂತ ನಾಲ್ಕೈದು ಸಲ ಬಡಿದ ಹಾಗೆ. ಆಮೇಲೆ ಉಜ್ಜುವ ಸದ್ದು. ಆಮೇಲೆ ನನ್ನ ಗೆಳೆಯನ ಪ್ರಶ್ನೆ. ಇಂಧನ ಬೆರೆಸುವ ಮಿಕ್ಸ್ಚರ್ ಗುಂಡಿ ಎಳೆದೆ, ಇಗ್ನಿಷನ್ ಆಫ್, ಪೆಟ್ರೋಲ್ ಬಂದ್, ಕರೆಂಟಿನ ಮಾಸ್ಟರ್ ಸ್ವಿಚ್ ಆಫ್, ಬಾಗಿಲು. ಇದೆಲ್ಲ ಕೈಗಳು ತಾವಾಗಿಯೇ ಮಾಡಿದವು. ಅಷ್ಟು ಚೆನ್ನಾಗಿ ಕಲಿತಿದ್ದ ಕೈ, ಹತ್ತು ಸೆಕೆಂಡು ಮುಂಚೆ ಎಲ್ಲಿ ಹೋಗಿತ್ತೋ.

ಮೊದಲ ಬೀಸು ಎತ್ತಿದಾಗಲೇ ಮಾಡಬೇಕಾಗಿದ್ದದ್ದು ಒಂದೇ ಕೆಲಸ: ಪೂರ್ತಿ ಪವರ್, ಮೇಲೆ ಹೋಗು, ಇನ್ನೊಂದು ಸುತ್ತು ಹಾಕು. ಗೋ ಅರೌಂಡ್. ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಬೇರೆಯವರಿಗೆ ಎಷ್ಟೋ ಸಲ ಉಪದೇಶ ಮಾಡಿದ್ದೆ. ಯಾಕೆ ಮಾಡಲಿಲ್ಲ? ಪ್ರಾಮಾಣಿಕವಾಗಿ ಹೇಳ್ತೀನಿ. ಪಕ್ಕದಲ್ಲಿ ಗೆಳೆಯ ಕೂತಿದ್ದ, ಅವನ ಮುಂದೆ ಇಳಿಸೋಕೆ ಬರಲ್ಲ ಅಂತ ಕಾಣಬಾರದು. ಐದು ನಿಮಿಷ ಮುಂಚೆ ಇನ್ನೊಬ್ಬರು ಅದೇ ರನ್‌ವೇಯಲ್ಲಿ ಸಲೀಸಾಗಿ ಇಳಿದಿದ್ದರು. ಅವರಿಗೆ ಸಿಕ್ಕಿದ ಗಾಳಿಯೇ ನನಗೂ ಸಿಗುತ್ತೆ ಅನ್ನೋ ಹಾಗೆ ನಾನು ನಡೆದುಕೊಂಡೆ. ಎಲ್ಲಕ್ಕಿಂತ ಜಾಸ್ತಿ, ನನ್ನ ತಲೆಯಲ್ಲಿ ನಾನು ಆಗಲೇ ಇಳಿದು ಆಗಿತ್ತು. ಹ್ಯಾಂಗರ್ ಮರೆಯ ತಣ್ಣನೆ ಗಾಳಿಯಲ್ಲೇ ನನ್ನ ಲ್ಯಾಂಡಿಂಗ್ ಮುಗಿದುಹೋಗಿತ್ತು, ಮಿಕ್ಕಿದ್ದೆಲ್ಲ ವಿಮಾನದ ಪಾಲಿಗೆ ಬಿಟ್ಟಿದ್ದು.

ಆದರೆ ಗೋ ಅರೌಂಡ್ ಅನ್ನೋದು ಹೇಳಿದಷ್ಟು ಸುಲಭದ ಬಿಡುಗಡೆ ಅಲ್ಲ. ಉಪನ್ಯಾಸಗಳಲ್ಲಿ "ಸಂಶಯ ಬಂದರೆ ಗೋ ಅರೌಂಡ್" ಅಂತ ಹೇಳಿ ಚಪ್ಪಾಳೆ ತಗೊಂಡು ಕೂರೋರನ್ನ ನೋಡಿದರೆ ನನಗೆ ಸ್ವಲ್ಪ ಕಿರಿಕಿರಿ. 2016ರ ಜೂನ್ 9ರಂದು ಅಮೆರಿಕದ ಹ್ಯೂಸ್ಟನ್‌ನ ಹಾಬಿ ವಿಮಾನ ನಿಲ್ದಾಣದಲ್ಲಿ ಒಂದು ಸಿರಸ್ ಎಸ್ಆರ್20 ಇಳಿಯಲು ಬಂತು. ಅದೂ ನಾಲ್ಕು ಸೀಟಿನ ಸಣ್ಣ ವಿಮಾನ. ಜೆಟ್‌ಗಳಿಂದ ಗಿಜಿಗುಡುವ ನಿಲ್ದಾಣ, ಬೀಸುಗಾಳಿ. ಒಂದಕ್ಕಿಂತ ಹೆಚ್ಚು ಸಲ ಇಳಿಯಲಾಗದೆ ಮತ್ತೆ ಮತ್ತೆ ಮೇಲೆ ಹೋಗಬೇಕಾಯಿತು. ಪೈಲಟ್ ಸರಿಯಾದ ನಿರ್ಧಾರವನ್ನೇ ಮಾಡಿದ್ದರು, ಬಲವಂತವಾಗಿ ಇಳಿಸಲಿಲ್ಲ. ಕೊನೆಯ ಗೋ ಅರೌಂಡ್‌ನಲ್ಲಿ, ವೇಗ ಸಾಕಷ್ಟು ಬರುವ ಮೊದಲೇ ಫ್ಲಾಪ್ ಮೇಲೆತ್ತಿದ್ದರಿಂದ ವಿಮಾನ ಸ್ಟಾಲ್ ಆಗಿ, ಗಿರಕಿ ಹೊಡೆದು ಬಿತ್ತು. ಒಳಗಿದ್ದ ಮೂವರೂ ಸತ್ತರು. ಆ ವಿಮಾನಕ್ಕೆ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಶೂಟ್ ಇರುತ್ತದೆ, ಅಷ್ಟು ಕಮ್ಮಿ ಎತ್ತರದಲ್ಲಿ ಅದು ಉಪಯೋಗಕ್ಕೆ ಬರಲ್ಲ. ಕಂಟ್ರೋಲರ್‌ಗಳು ಆ ವಿಮಾನವನ್ನು ಆ ದಟ್ಟಣೆಯಲ್ಲೇ ಸುತ್ತಿಸುತ್ತಾ ಇಟ್ಟುಕೊಂಡಿದ್ದು, ಕಷ್ಟದ ಗಳಿಗೆಯಲ್ಲಿ ತೊಡಕಾದ ಸೂಚನೆ ಕೊಟ್ಟಿದ್ದು, ಇವೂ ಕಾರಣಗಳ ಪಟ್ಟಿಯಲ್ಲಿ ಸೇರಿದವು.

ಹಾಗಾಗಿ ಗೋ ಅರೌಂಡ್ ಕೂಡ ಅಭ್ಯಾಸ ಮಾಡಬೇಕಾದ ಒಂದು ಕಸರತ್ತು. ಇಳಿಯುವ ವಿಮಾನದ ಫ್ಲಾಪ್ ಪೂರ್ತಿ ಕೆಳಗಿರುತ್ತದೆ, ಟ್ರಿಮ್ (ಕೈ ಒತ್ತಡವಿಲ್ಲದೆ ಮೂಗನ್ನು ಒಂದು ಮಟ್ಟದಲ್ಲಿ ಹಿಡಿದಿಡುವ ಹೊಂದಿಕೆ) ಮೂಗು ಎತ್ತುವ ಕಡೆ ಇರುತ್ತದೆ. ಅಂಥ ಹೊತ್ತಿನಲ್ಲಿ ಥ್ರಾಟಲ್ ಒಮ್ಮೆಗೇ ತಳ್ಳಿದರೆ ಮೂಗು ಎದ್ದು ಬರುತ್ತದೆ, ಎಡಕ್ಕೆ ಎಳೆಯುತ್ತದೆ. ಒಂದು ಕೈಯಲ್ಲಿ ಮೂಗನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಬಲಗಾಲು ಪೆಡಲ್ ಮೇಲೆ. ಫ್ಲಾಪ್ ಒಂದೊಂದೇ ಮೆಟ್ಟಿಲು, 30ರಿಂದ 20ಕ್ಕೆ ಮೊದಲು, ಮಿಕ್ಕಿದ್ದು ವೇಗ ಬಂದ ಮೇಲೆ. ಇದನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಮಾಡಿದರೆ ಸಾಲದು. ನಾನು ಈಗ ಗಾಳಿ ಇಲ್ಲದ ದಿನ, ಯಾವ ಕಾರಣವೂ ಇಲ್ಲದೆ, ಚೆನ್ನಾಗಿ ಬರ್ತಾ ಇರುವ ಲ್ಯಾಂಡಿಂಗ್ ಅನ್ನೂ ಬಿಟ್ಟು ಮೇಲೆ ಹೋಗ್ತೀನಿ. ನೋಡುವವರು ನಗ್ತಾರೆ. ನಗಲಿ.

ಕೊನೆಯ ತಿರುವಿನ ಬಗ್ಗೆಯೂ ಒಂದು ಮಾತು. ರನ್‌ವೇ ಕಡೆ ತಿರುಗುವಾಗ ಗಾಳಿ ಬೆನ್ನಿಗೆ ಬಿದ್ದರೆ ರನ್‌ವೇ ನೇರ ದಾಟಿ ಆಚೆ ಹೋಗಿಬಿಡ್ತೀರಿ. ಆಗ ಇನ್ನಷ್ಟು ವಾಲಿಸೋಣ, ಸ್ವಲ್ಪ ಪೆಡಲ್ ಒತ್ತಿ ಮೂಗು ಎಳೆಯೋಣ ಅಂತ ಆಸೆ ಬರುತ್ತದೆ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ ನೂರಕ್ಕೆ 19 ಏರುತ್ತದೆ, 60 ಡಿಗ್ರಿಗೆ 41. ಅದರ ಮೇಲೆ ಒಂದು ಬಿಡುವು ಬಂದರೆ ಮುಗೀತು. ನನ್ನ ಥರದ ಪೆಟ್ಟಿನಲ್ಲಿ ಚಕ್ರ ಮುರಿಯುತ್ತದೆ. ಈ ತಿರುವಿನಲ್ಲಿ ಬಿದ್ದವರು ಬದುಕುವುದು ಕಮ್ಮಿ.

ಆಮೇಲೆ ಪ್ರಶ್ನೋತ್ತರ. ಎರಡು ಮೂರು ಮಾತ್ರ ಬರೀತೀನಿ.

ಒಬ್ಬರು ಕೇಳಿದರು: "ಆ ವಿಮಾನದ ಕೈಪಿಡಿಯಲ್ಲಿ ಅಡ್ಡಗಾಳಿಯ ಮಿತಿ 15 ನಾಟ್ ಇದೆಯಲ್ಲ ಸರ್, ನೀವು ಮಿತಿಯ ಒಳಗೇ ಇದ್ದಿರಿ, ಅಲ್ವಾ?" ಹೌದು, ಹದಿಮೂರೂವರೆ. ಆದರೆ ಆ 15 ಮಿತಿಯೇ ಅಲ್ಲ. ವಿಮಾನಕ್ಕೆ ಒಪ್ಪಿಗೆ ಪಡೆಯುವಾಗ ಪರೀಕ್ಷಾ ಪೈಲಟ್ ಇಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದರು ಅಂತ ಅರ್ಥ. ವಿಮಾನ ಅದಕ್ಕಿಂತ ಜಾಸ್ತಿ ತಡೆಯಬಹುದು. ನಾವು ಅದಕ್ಕಿಂತ ಬಹಳ ಕಮ್ಮಿ ತಡೆಯಬಹುದು. ನಾನು ಆ ತಿಂಗಳು ಹಾರಿದ್ದೇ ಒಂದು ಸಲ.

ಇನ್ನೊಬ್ಬರು ದೊಡ್ಡ ವಿಮಾನಗಳ ಬಗ್ಗೆ ಕೇಳಿದರು. ಅವುಗಳಿಗೂ ಗಾಳಿಯ ಬದಲಾವಣೆಯೇ ಶತ್ರು, ಆದರೆ ಅವುಗಳನ್ನು ಕೆಡವಿದ್ದು ಸಾಮಾನ್ಯವಾಗಿ ಇಂಥ ಬೀಸಲ್ಲ, ಗುಡುಗು ಮೋಡದಿಂದ ನೇರ ಕೆಳಗೆ ಸುರಿಯುವ ಗಾಳಿ, ಮೈಕ್ರೋಬರ್ಸ್ಟ್. 1975ರ ಜೂನ್ 24ರಂದು ನ್ಯೂಯಾರ್ಕ್‌ನ ಕೆನಡಿ ನಿಲ್ದಾಣದಲ್ಲಿ ಇಳಿಯಲು ಬಂದ ಈಸ್ಟರ್ನ್ 66 ವಿಮಾನ ಬಿದ್ದು 113 ಜನ ಸತ್ತರು. ಅದನ್ನು ಕೆದಕುತ್ತಾ ಹೋದ ಟೆಡ್ ಫುಜಿಟಾ, ಅದೇ ಸುಂಟರಗಾಳಿಯ ಅಳತೆಗೋಲಿನ ಫುಜಿಟಾ, ಇಂಥದ್ದೊಂದು ಗಾಳಿ ಇದೆ ಅಂತ ತೋರಿಸಿಕೊಟ್ಟರು. ಮೊದಮೊದಲು ಎಷ್ಟೋ ಜನ ನಂಬಲಿಲ್ಲ.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದ್ದು, ಕಲೀತಾ ಇದ್ದಾಳಂತೆ. "ಥ್ರಾಟಲ್ ತಳ್ಳಿದೆ ಅಂತ ನೆನಪು ಅಂದ್ರಲ್ಲ ಅಂಕಲ್, ಆಮೇಲೆ ಹೇಳ್ತೀನಿ ಅಂದ್ರಿ, ಹೇಳಲೇ ಇಲ್ಲ."

ಹೇಳದೇ ತಪ್ಪಿಸಿಕೊಳ್ಳೋಣ ಅಂತಲೇ ಇದ್ದೆ.

ಘಟನೆಯಾದ ಮಾರನೇ ದಿನ ತನಿಖೆಗೆ ಒಬ್ಬರು ಬಂದರು. ಅಪಘಾತದ ತನಿಖೆ ಮುಂದೆ ಹೀಗಾಗದಿರಲಿ ಅಂತ ಮಾಡೋದೇ ಹೊರತು ಯಾರ ಮೇಲೂ ತಪ್ಪು ಹೊರಿಸೋಕಲ್ಲ, ಅಂತರರಾಷ್ಟ್ರೀಯ ನಿಯಮದಲ್ಲೇ ಹಾಗಿದೆ. ಅವರೂ ಅದನ್ನೇ ಹೇಳಿ, ಆರಾಮಾಗಿ ಬರೀರಿ ಅಂತ ಕಾಗದ ಕೊಟ್ಟರು. ನಾನು ಎರಡು ಪುಟ ಬರೆದೆ. ಎರಡನೇ ಪುಟದಲ್ಲಿ, "ಎರಡನೇ ಸಲ ಪುಟಿದ ಕೂಡಲೇ ಪೂರ್ತಿ ಪವರ್ ಕೊಟ್ಟೆ, ಆದರೆ ಅಷ್ಟರಲ್ಲಿ ತಡವಾಗಿತ್ತು" ಅಂತ ಬರೆದಿದ್ದೆ. ಸುಳ್ಳು ಬರೆಯೋ ಉದ್ದೇಶ ಇರಲಿಲ್ಲ. ನನಗೆ ಹಾಗೇ ನೆನಪಿತ್ತು. ಕೈಯಲ್ಲಿ ಆ ಕಪ್ಪು ಗುಂಡಿಯನ್ನು ತಳ್ಳಿದ ನೆನಪು ಇವತ್ತಿಗೂ ಇದೆ.

ಅವರು ಓದಿದರು. ಏನೂ ಹೇಳದೆ ನನ್ನನ್ನು ವಿಮಾನದ ಮುಂದೆ ಕರೆದುಕೊಂಡು ಹೋಗಿ ಪ್ರೊಪೆಲರ್ ತೋರಿಸಿದರು. ಎಂಜಿನ್ ಜೋರಾಗಿ ಎಳೀತಾ ಇರುವಾಗ ನೆಲಕ್ಕೆ ಬಡಿದರೆ ಅಲಗಿನ ತುದಿಗಳು ಸಾಮಾನ್ಯವಾಗಿ ಮುಂದಕ್ಕೆ ಬಾಗಿ ಸುರುಳಿಯಾಗುತ್ತವೆ. ಎಂಜಿನ್ ಸುಮ್ನೆ ಮೆಲ್ಲಗೆ ತಿರುಗ್ತಾ ಇದ್ದರೆ ಹಿಂದಕ್ಕೆ ಬಾಗುತ್ತವೆ. ನೆಲದ ಮೇಲೆ ಬಿದ್ದ ಗೀರುಗಳ ಅಂತರವನ್ನೂ ಅವರು ಟೇಪ್ ಹಿಡಿದು ಅಳೆದಿದ್ದರಂತೆ.

ನನ್ನ ವಿಮಾನದ ಎರಡೂ ಅಲಗುಗಳು ನೀಟಾಗಿ ಹಿಂದಕ್ಕೆ ಬಾಗಿದ್ದವು.

"ಆ ಸಾಲು ಹಾಗೇ ಇರಲಾ?" ಅಂತ ಕೇಳಿದರು. ನಾನು ಪೆನ್ನು ಇಸ್ಕೊಂಡು ಆ ಸಾಲು ಹೊಡೆದು ಹಾಕಿದೆ, ಪಕ್ಕದಲ್ಲಿ ಸಹಿ ಮಾಡಿದೆ.